ಮಮ್ಮಿ ಪೆಟ್ಟಿಗೆ ಕಿಟ್: ಮರ ಚಲೋ, ಬಣ್ಣದ ಮಾತು ಬೇಡ

ಹಳೇ ಈಜಿಪ್ಟಿನಲ್ಲಿ ಮಮ್ಮಿ, ಅಂದರೆ ಕೆಡದಂತೆ ಬಟ್ಟೆ ಸುತ್ತಿಟ್ಟ ಹೆಣ, ಇಡುತ್ತಿದ್ದ ಪೆಟ್ಟಿಗೆಯ ಮಾದರಿಗೆ ಮಕ್ಕಳು ಬಣ್ಣ ಹಚ್ಚುವ ಕಿಟ್ ಇದು. ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಎರಡೂವರೆ ಸ್ಟಾರ್. ಎರಡು ಸ್ಟಾರ್ ಮರಕ್ಕೆ, ಅರ್ಧ ಸ್ಟಾರ್ ಬ್ಯಾಂಡೇಜ್ ಬಟ್ಟೆಗೆ. ಬಣ್ಣಕ್ಕೆ ಏನೂ ಇಲ್ಲ. ಜೊತೆಗೆ ಬಂದ ಪುಸ್ತಕಕ್ಕೆ ಮೈನಸ್ ಕೊಡುವ ಅವಕಾಶ ಇದ್ದಿದ್ದರೆ ಖಂಡಿತ ಕೊಡುತ್ತಿದ್ದೆ.

ಕಂಪನಿ ಹೆಸರು ಬರೆಯುತ್ತಿಲ್ಲ. ಬರೆದೂ ಉಪಯೋಗವಿಲ್ಲ, ಯಾಕೆಂದರೆ ಇದೇ ಕಿಟ್ ಆನ್‌ಲೈನ್‌ನಲ್ಲಿ ನಾಲ್ಕು ಹೆಸರಿನಲ್ಲಿ, ನಾಲ್ಕು ಬಣ್ಣದ ಡಬ್ಬಿಯಲ್ಲಿ ಸಿಗುತ್ತದೆ. ಡಬ್ಬಿ ಮೇಲೆ ನೀಲಿ ಮತ್ತು ಬಂಗಾರದ ಪಟ್ಟೆಯ ಮುಖ, ಕೆಳಗೆ ಬಿಳಿ ಮಮ್ಮಿ, ಪಕ್ಕದಲ್ಲಿ ನಾಲ್ಕು ಪುಟ್ಟ ಜಾಡಿ ಇದ್ದರೆ ಅದೇ ಅಂತ ತಿಳಿಯಿರಿ. ನಾನು ಕೊಟ್ಟದ್ದು 1,649 ರೂಪಾಯಿ. ಕಲಬುರಗಿಗೆ ಬರಲು ಆರು ದಿನ ಹಿಡಿಯಿತು.

ನಾನು ಬೋರ್ಡ್ ಬರೆಯುವವನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಈಗ ಕೈಯಲ್ಲಿ ಬರೆಯುವುದು ಕಡಿಮೆ, ಫ್ಲೆಕ್ಸ್ ಹೊಡೆಯುವುದೇ ಜಾಸ್ತಿ. ಆದರೂ ಬಣ್ಣ, ಬ್ರಷ್, ಮರ, ಪ್ರೈಮರ್ ವಿಷಯದಲ್ಲಿ ನನ್ನ ಮಾತು ನಂಬಬಹುದು. ಈಜಿಪ್ಟ್ ವಿಷಯದಲ್ಲಿ ನಾನು ಮೇಷ್ಟ್ರಲ್ಲ. ಈ ಕಿಟ್ ದೆಸೆಯಿಂದ ಒಂದು ತಿಂಗಳು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮ್ಯೂಸಿಯಂಗಳ ವೆಬ್‌ಸೈಟ್‌ಗೆ ಹೋಗಿ ಪೆಟ್ಟಿಗೆಗಳ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ, ಅಷ್ಟೇ. ಮನೆಯವಳು "ರಾತ್ರಿ ಹೊತ್ತಿನ್ಯಾಗ ಹೆಣದ ಪೆಟ್ಟಿಗಿ ಯಾಕ ನೋಡ್ಕೋತ ಕುಂದರ್ತೀರಿ" ಅಂತ ಬೈದದ್ದೂ ಆಯಿತು.

ತರಿಸಿದ್ದು ಮಗಳಿಗೆ. ಎಂಟನೇ ಕ್ಲಾಸು. ಶಾಲೆಯಲ್ಲಿ ಎಕ್ಸಿಬಿಷನ್ ಇತ್ತು, ಸಮಾಜದ ಪಾಠದಲ್ಲಿ ಈಜಿಪ್ಟ್ ಇದೆ. ಪಿರಮಿಡ್ ಬೇಡ, ಅದನ್ನು ಥರ್ಮಾಕೋಲ್‌ನಲ್ಲಿ ಆರು ಜನ ಮಾಡುತ್ತಿದ್ದಾರೆ, ನನಗೆ ಪೆಟ್ಟಿಗೆ ಬೇಕು ಅಂತ ಹಟ ಹಿಡಿದಳು. ಹೋದ ವರ್ಷ ಹೈದರಾಬಾದ್‌ಗೆ ಹೋದಾಗ ಪಬ್ಲಿಕ್ ಗಾರ್ಡನ್ ಮ್ಯೂಸಿಯಂನಲ್ಲಿ ಮಮ್ಮಿ ನೋಡಿದ್ದಳು. ನಮ್ಮ ಕಡೆಯವರಿಗೆ ಹೈದರಾಬಾದ್ ಹತ್ತಿರ ಅಲ್ವಾ, ನೋಡದವರು ಒಮ್ಮೆ ನೋಡಿ ಬನ್ನಿ. ನಿಜಾಮರ ಕಾಲದಲ್ಲಿ ತಂದಿಟ್ಟದ್ದು. ಗಾಜಿನ ಮುಂದೆ ಇವಳು ಅಲ್ಲಾಡದೆ ನಿಂತುಬಿಟ್ಟಿದ್ದಳು, ಕೊನೆಗೆ ನಾನೇ ಕೈ ಹಿಡಿದು ಎಳೆದುಕೊಂಡು ಬಂದೆ.

ಡಬ್ಬಿಯಲ್ಲಿ ಬಂದದ್ದು: ಮನುಷ್ಯನ ಆಕಾರದ ಮರದ ಪೆಟ್ಟಿಗೆ, ಮುಚ್ಚಳ ಸಮೇತ, 15 ಇಂಚು ಉದ್ದ. ಪ್ಲಾಸ್ಟರ್ ಮಮ್ಮಿ ಒಂದು. ಎಂಟು ಪುಟ್ಟ ಡಬ್ಬಿ ಬಣ್ಣ, ಎರಡು ಬ್ರಷ್, ಒಂದು ಬಾಟಲಿ ವಾರ್ನಿಷ್, ಬ್ಯಾಂಡೇಜ್ ಸುರುಳಿ, ನಾಲ್ಕು ಜಾಡಿ, ಒಂದು ಸ್ಟಿಕ್ಕರ್ ಹಾಳೆ, ಹನ್ನೆರಡು ಪುಟದ ಪುಸ್ತಕ.

ಮರದಿಂದ ಶುರು ಮಾಡುತ್ತೇನೆ. ಪೈನ್ ಮರ, ಪ್ಲೈವುಡ್ ಅಲ್ಲ. ಮೂಲೆಗಳಲ್ಲಿ ಮೊಳೆ ಇಲ್ಲ, ಮರದ ಗೂಟ ಹಾಕಿ ಕೂಡಿಸಿದ್ದಾರೆ. ಇದು ನನಗೆ ಇಷ್ಟವಾಯಿತು. ಅಂಗಡಿಗೆ ಬಂದಿದ್ದ ನಮ್ಮ ಬಡಿಗೇರ ಅಣ್ಣನಿಗೆ ತೋರಿಸಿದೆ. ತಿರುಗಿಸಿ ನೋಡಿ, ಬೆರಳಲ್ಲಿ ತಟ್ಟಿ, "ಜೋಡಣಿ ಸುದ್ದ ಅದ" ಅಂದ. ಈಜಿಪ್ಟಿನವರೂ ಹೀಗೇ ಗೂಟ ಹಾಕಿಯೇ ಕೂಡಿಸುತ್ತಿದ್ದರು. ಅವರಿಗೆ ಒಳ್ಳೆಯ ಉದ್ದನೆ ಹಲಗೆ ಸಿಗುತ್ತಿರಲಿಲ್ಲ. ಅಲ್ಲಿ ಬೆಳೆಯುತ್ತಿದ್ದದ್ದು ಅತ್ತಿಯ ಜಾತಿಯ ಮರ, ಜಾಲಿ, ಇಂಥವೇ. ಗಂಟು ಗಂಟು, ಸೊಟ್ಟ, ಗಿಡ್ಡ. ದುಡ್ಡಿದ್ದವರು ಲೆಬನಾನ್‌ನಿಂದ ದೇವದಾರು ತರಿಸುತ್ತಿದ್ದರು. ಇಲ್ಲದವರ ಪೆಟ್ಟಿಗೆಗೆ ತುಂಡು ತುಂಡು ಹಲಗೆ ಕೂಡಿಸಿ, ಸಂದಿಗೆ ಮಣ್ಣಿನ ಪುಟ್ಟಿ ಮೆತ್ತಿ, ಮೇಲೆ ಬಿಳಿ ಬಳಿದು ಚಿತ್ರ ಬರೆದರೆ ಒಳಗೆ ಎಷ್ಟು ತೇಪೆ ಇದೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮಲ್ಲಿ ಹಳೆ ಬಾಗಿಲಿಗೆ ಮಾಡುವುದೂ ಇದೇ ಅಲ್ವಾ.

ಮಮ್ಮಿ ವಿಷಯ ಬೇಗ ಮುಗಿಸುತ್ತೇನೆ. ಎರಡನೇ ದಿನ ಮೇಜಿನಿಂದ ಬಿತ್ತು. ಕೆಳಗೆ ಶಹಾಬಾದ್ ಕಲ್ಲಿನ ನೆಲ. ಮೊಣಕಾಲಿನ ಕೆಳಗೆ ಎರಡು ತುಂಡು. ಅದು ನಮ್ಮ ತಪ್ಪು, ಒಪ್ಪುತ್ತೇನೆ. ಆದರೆ ಒಳಗೆ ಒಂದು ತಂತಿ ಹಾಕಿದ್ದರೆ ಮುರಿಯುತ್ತಿರಲಿಲ್ಲ. ಗಣಪತಿ ಮಾಡುವವರು ಕೈಯೊಳಗೆ ಕಡ್ಡಿ ಇಡುತ್ತಾರೆ, ಇವರಿಗೆ ಅಷ್ಟು ತಿಳಿಯಬಾರದೇ? ಫೆವಿಕಾಲ್ ಹಚ್ಚಿ, ಬ್ಯಾಂಡೇಜ್ ಸುತ್ತಿದೆವು. ಸುತ್ತಿದ ಮೇಲೆ ಮುರಿದದ್ದು ಕಾಣಲಿಲ್ಲ. ಬ್ಯಾಂಡೇಜ್ ಬಟ್ಟೆ ನಿಜವಾದ ಹತ್ತಿಯದು, ಉದ್ದವೂ ಸಾಕಷ್ಟಿದೆ. ಅರ್ಧ ಸ್ಟಾರ್ ಅದಕ್ಕೇ.

ಈಗ ಬಣ್ಣ.

ಕಿಟ್‌ನಲ್ಲಿ ಪ್ರೈಮರ್ ಇಲ್ಲ. ಪುಸ್ತಕದಲ್ಲಿ ಅದರ ಮಾತೇ ಇಲ್ಲ. ಹಸಿ ಮರದ ಮೇಲೆ ನೇರ ಬಣ್ಣ ಬಳಿಯಿರಿ ಅಂತ ಬರೆದಿದ್ದಾರೆ. ಮಗಳು ನನ್ನನ್ನು ಕೇಳದೆ ಹಾಗೇ ಬಳಿದಳು. ನೀಲಿ ಮರದೊಳಗೆ ಇಳಿದುಹೋಯಿತು, ಹಳದಿ ಎಲ್ಲಿ ಹಚ್ಚಿದ್ದಾಳೆ ಅಂತ ಹುಡುಕಬೇಕಾಯಿತು. ಕೆಂಪು ಮಾತ್ರ ರೇಖೆ ಬಿಟ್ಟು ಎರಡೂ ಕಡೆ ಹರಿದುಕೊಂಡು ಹೋಯಿತು. ಅಳು ಒಂದೇ ಬಾಕಿ. ಆಗ ನಾನು ಕೈ ಹಾಕಿದೆ. 120 ನಂಬರ್ ಪಾಲಿಶ್ ಪೇಪರ್ ತಗೊಂಡು ಎಲ್ಲ ಉಜ್ಜಿ ತೆಗೆದು ಮೊದಲಿನಿಂದ ಶುರು ಮಾಡಿದೆವು.

ಫೋಟೋಗಳಲ್ಲಿ ಮುರಿದ ಪೆಟ್ಟಿಗೆಗಳನ್ನು ನೋಡಿದರೆ ಅವರ ಕೆಲಸ ಪದರ ಪದರವಾಗಿ ಕಾಣುತ್ತದೆ. ಮೊದಲು ಮರ. ಅದರ ಮೇಲೆ ಕೆಲವು ಕಡೆ ನಾರುಬಟ್ಟೆ ಅಂಟಿಸಿರುತ್ತಾರೆ. ಅದರ ಮೇಲೆ ಸುಣ್ಣದ ಕಲ್ಲಿನ ಪುಡಿಗೆ ಪ್ರಾಣಿಯ ಚರ್ಮ, ಮೂಳೆಯಿಂದ ಮಾಡಿದ ಅಂಟು ಕಲಸಿ ಬಳಿದ ಬಿಳಿ ಪದರ. ಅದು ಒಣಗಿದ ಮೇಲೆ ಬಣ್ಣ. ಓದಿ ನನಗೆ ನಗು ಬಂತು. ನಾನು ಕೆಲಸ ಕಲಿಯುವಾಗ ನಮ್ಮ ಉಸ್ತಾದರು ಮರದ ಬೋರ್ಡಿಗೆ ಮಾಡಿಸುತ್ತಿದ್ದದ್ದೇ ಇದು. ಚಾಕ್ ಪೌಡರ್, ಬಡಿಗೇರು ಬಳಸುವ ಸರೇಸು. ಸರೇಸು ಕಾಯಿಸುವಾಗ ಬರುವ ವಾಸನೆಗೆ ಪಕ್ಕದ ಚಹಾ ಅಂಗಡಿಯವನು ದಿನಾ ಜಗಳ ತೆಗೆಯುತ್ತಿದ್ದ. ಈಗ ಮತ್ತೆ ಕಾಯಿಸಿದೆ. ಎರಡು ಕೈ ಬಳಿದು, ಒಣಗಿಸಿ, ಸಣ್ಣ ಪಾಲಿಶ್ ಪೇಪರಿನಿಂದ ಉಜ್ಜಿದರೆ ಮೊಟ್ಟೆಯ ಸಿಪ್ಪೆ ತರಹ ನುಣುಪು. ಇದರ ಮೇಲೆ ಅದೇ ಕಿಟ್‌ನ ಬಣ್ಣವೂ ಸ್ವಲ್ಪ ಮರ್ಯಾದೆಯಿಂದ ಕೂತಿತು. ಸ್ವಲ್ಪ ಮಾತ್ರ.

ಆಮೇಲೆ ಕಿಟ್‌ನ ಬಣ್ಣ ಬಿಟ್ಟೇಬಿಟ್ಟೆವು, ನೀಲಿ ಒಂದನ್ನು ಬಿಟ್ಟು. ಕಿರಾಣಾ ಬಜಾರಿನಿಂದ ಹುರುಮಂಜು, ಹಳದಿ ಮಣ್ಣಿನ ಪುಡಿ ತಂದೆ. ಕಪ್ಪಿಗೆ ದೀಪದ ಮಸಿ. ಈಜಿಪ್ಟಿನವರದೂ ಕೆಂಪು ಮಣ್ಣು, ಹಳದಿ ಮಣ್ಣು, ಮಸಿ ಮತ್ತು ಇದ್ದಿಲೇ. ಬಣ್ಣ ಹಿಡಿದುಕೊಳ್ಳಲು ಅವರು ಹಾಕುತ್ತಿದ್ದದ್ದು ಜಾಲಿ ಅಂಟು. ನಮ್ಮ ಹೊಲದ ಬದುವಿನಲ್ಲಿ ಇರುವ ಕರಿಜಾಲಿಯ ವಿಜ್ಞಾನದ ಹೆಸರಿನಲ್ಲೇ ನೈಲ್ ನದಿ ಇದೆ, ನಿಲೋಟಿಕಾ ಅಂತ. ಬಳ್ಳಾರಿ ಜಾಲಿ ಅಲ್ಲ ಮತ್ತೆ, ಅದು ಬೇರೆ. ಊರಿಗೆ ಹೋದಾಗ ಮಗಳು ಒಂದು ಮುಷ್ಟಿ ಅಂಟು ಕಿತ್ತು ತಂದಳು. ರಾತ್ರಿ ನೀರಲ್ಲಿ ನೆನೆಸಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಪುಡಿ ಕಲಸಿದೆವು. ಅವರು ಹರತಾಳವನ್ನೂ ಬಳಸುತ್ತಿದ್ದರು, ಬಂಗಾರದಂಥ ಹಳದಿಗೆ. ಮಕ್ಕಳ ಕೈಗೆ ಅದು ಬೇಡವೇ ಬೇಡ, ಆರ್ಸೆನಿಕ್ ಇರುವ ವಿಷ ಅದು.

ಬ್ರಷ್ ಎರಡೂ ಕೂದಲು ಉದುರುತ್ತವೆ. ಅದಕ್ಕಿಂತ ಬೇವಿನ ಕಡ್ಡಿ ವಾಸಿ. ತಮಾಷೆಗೆ ಹೇಳುತ್ತಿಲ್ಲ. ಅಲ್ಲಿಯ ಚಿತ್ರಗಾರರು ಜೊಂಡಿನ ಕಡ್ಡಿಯ ತುದಿ ಜಗಿದು, ಎಳೆ ಎಳೆ ಮಾಡಿಕೊಂಡು ಬರೆಯುತ್ತಿದ್ದರು. ನಾವು ಬೇವಿನ ಕಡ್ಡಿಯಲ್ಲಿ ಮಾಡಿ ನೋಡಿದೆವು. ದಪ್ಪ ಗೆರೆಗೆ ಅಡ್ಡಿಯಿಲ್ಲ. ಸಣ್ಣ ಗೆರೆಗೆ ನನ್ನ ಹಳೇ ಸೊನ್ನೆ ನಂಬರ್ ಬ್ರಷ್ಷೇ ಬೇಕಾಯಿತು.

ನೀಲಿ ಬಗ್ಗೆ ಒಂದು ಮಾತು. ಆ ಪೆಟ್ಟಿಗೆಗಳ ನೀಲಿ ನೆಲದಲ್ಲಿ ಸಿಕ್ಕಿದ್ದಲ್ಲ, ಮನುಷ್ಯ ಮಾಡಿದ್ದು. ಮರಳು, ಸುಣ್ಣ, ತಾಮ್ರ, ಸೋಡಾದಂಥ ಕ್ಷಾರ ಕೂಡಿಸಿ 850ರಿಂದ 1000 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಸುಟ್ಟು, ಬಂದ ಗಟ್ಟಿಯನ್ನು ಅರೆದು ಪುಡಿ ಮಾಡುತ್ತಿದ್ದರು. ಮನುಷ್ಯ ತಯಾರಿಸಿದ ಬಣ್ಣಗಳಲ್ಲಿ ನಮಗೆ ಗೊತ್ತಿರುವ ಎಲ್ಲಕ್ಕಿಂತ ಹಳೆಯದು ಅದು. ನಾಲ್ಕು ಸಾವಿರ ವರ್ಷದ ಮೇಲೂ ಫೋಟೋದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಈ ಕಿಟ್‌ನ ನೀಲಿ ನಾಲ್ಕು ದಿನಕ್ಕೆ ಹಸಿರಾಯಿತು.

ಯಾಕೆ ಅಂದರೆ ವಾರ್ನಿಷ್. ಬಾಟಲಿ ತೆಗೆದಾಗಲೇ ಜೇನುತುಪ್ಪದ ಬಣ್ಣ ಇತ್ತು. ಹಳದಿ ವಾರ್ನಿಷನ್ನು ನೀಲಿ ಮೇಲೆ ಎಳೆದರೆ ಹಸಿರು ಕಾಣುವುದು ನಮ್ಮ ಲೈನಿನಲ್ಲಿ ಹುಡುಗರಿಗೂ ಗೊತ್ತು. ಬೈಯೋಣ ಅಂತ ಕೂತೆ. ನೋಡಿದರೆ ಈಜಿಪ್ಟಿನಲ್ಲೂ ಇದೇ ಕತೆ! ಕ್ರಿ.ಪೂ. 1000ದ ಆಸುಪಾಸಿನ ಪೆಟ್ಟಿಗೆಗಳನ್ನು ಹಳದಿ ಪೆಟ್ಟಿಗೆ ಅಂತಲೇ ಕರೆಯುತ್ತಾರೆ. ಹಳದಿ ನೆಲ, ಒಂದಿಂಚೂ ಜಾಗ ಬಿಡದೆ ದೇವರು, ರೆಕ್ಕೆ, ಹಾವು, ಅಕ್ಷರ. ಮೇಲೆ ಮರದ ರಾಳದ ವಾರ್ನಿಷ್. ರಾಳ ಹಳೆಯದಾದಂತೆ ಇನ್ನೂ ಹಳದಿಯಾಗಿ, ಕೆಳಗಿನ ನೀಲಿಯೆಲ್ಲ ಈಗ ಹಸಿರು ಕಾಣುತ್ತದೆ. 1891ರಲ್ಲಿ ದೇರ್ ಎಲ್-ಬಹ್ರಿಯ ಬಾಬ್ ಎಲ್-ಗಸೂಸ್ ಎಂಬ ಒಂದೇ ಗವಿಯಲ್ಲಿ ಅಮುನ್ ದೇವರ ಪೂಜಾರಿ ಮನೆತನಗಳ 153 ಜನರ ಇಂಥ ಪೆಟ್ಟಿಗೆಗಳು ಸಿಕ್ಕವು. ಎಷ್ಟೊಂದು ಅಂದರೆ ಇಡಲು ಜಾಗವಿಲ್ಲದೆ ಬೇರೆ ಬೇರೆ ದೇಶಗಳಿಗೆ ಹಂಚಿದರು. ಹಾಗಾಗಿ ವಾರ್ನಿಷ್ ವಿಷಯದಲ್ಲಿ ಕಂಪನಿಯವರು ಗೊತ್ತಿಲ್ಲದೆ ಸರಿ ಮಾಡಿದ್ದಾರೆ. ಆದರೆ ಅವರದು ಹಸಿರಾಗಲು ಮೂರು ಸಾವಿರ ವರ್ಷ ಹಿಡಿಯಿತು, ಇವರದು ಸೋಮವಾರದಿಂದ ಶುಕ್ರವಾರಕ್ಕೆ ಆಯಿತು. ಮತ್ತೆ ನಮ್ಮ ಬಿಸಿಲಿಗೆ ಅದು ಒಣಗುವುದೇ ಇಲ್ಲ, ಬೆರಳಿಗೆ ಅಂಟುತ್ತದೆ. ಒಂದು ನೊಣ ಸಿಕ್ಕಿಹಾಕಿಕೊಂಡು ಇವತ್ತಿಗೂ ಪಾದದ ಹತ್ತಿರ ಹಾಗೇ ಇದೆ.

ಸ್ಟಿಕ್ಕರ್ ಹಾಳೆಯನ್ನು ಬಿಸಾಕಿ. ಕಣ್ಣು, ಜೀರುಂಡೆ, ಹಾವು, ಅಕ್ಷರಗಳ ಸಾಲು ಎಲ್ಲ ಇವೆ. ಎಲ್ಲಿ ಬೇಕಾದರೂ ಅಂಟಿಸಿ ಅಂತ ಬರೆದಿದ್ದಾರೆ. ಎಲ್ಲಿ ಬೇಕಾದರೂ! ಅದೇ ದೊಡ್ಡ ತಪ್ಪು. ಆ ಪೆಟ್ಟಿಗೆಗಳಲ್ಲಿ ಎಲ್ಲಿ ಬೇಕಾದರೂ ಅನ್ನುವುದು ಇಲ್ಲವೇ ಇಲ್ಲ. ಕಣ್ಣನ್ನೇ ತಗೊಳ್ಳಿ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಉದ್ದ ಚೌಕದ ಪೆಟ್ಟಿಗೆಗಳಿಗೆ ಪಕ್ಕದ ಹಲಗೆಯ ಮೇಲೆ ಒಂದು ಜೊತೆ ಕಣ್ಣು ಇರುತ್ತವೆ. ಫೋಟೋ ನೋಡಿ ಮಗಳು ಕೇಳಿದಳು, "ಅಪ್ಪಾ, ಕಣ್ಣು ಮ್ಯಾಲ ಬಿಟ್ಟು ಪಕ್ಕಕ್ಕ ಯಾಕ ಬರದಾರ?" ನನಗೂ ಗೊತ್ತಿರಲಿಲ್ಲ. ಹೆಣವನ್ನು ಅಂಗಾತ ಮಲಗಿಸುತ್ತಿರಲಿಲ್ಲ, ಎಡ ಮಗ್ಗುಲಿಗೆ ಮಲಗಿಸುತ್ತಿದ್ದರು. ತಲೆ ಉತ್ತರಕ್ಕೆ, ಮುಖ ಪೂರ್ವಕ್ಕೆ. ಸರಿಯಾಗಿ ಮುಖದ ಎದುರಿಗೆ ಹಲಗೆಯ ಹೊರಗೆ ಆ ಕಣ್ಣು. ಒಳಗಿನವನು ಅದರಿಂದ ಹೊರಗೆ ನೋಡಬೇಕು, ಮೂಡುವ ಸೂರ್ಯ ಕಾಣಬೇಕು. ಅಂದರೆ ಅದು ನಮ್ಮನ್ನು ನೋಡುವ ಕಣ್ಣಲ್ಲ, ಅವನ ಕಿಟಕಿ.

ಇದು ತಿಳಿದ ಮೇಲೆ ನನಗೆ ಇಡೀ ಕಿಟ್ ಬೇರೆ ತರಹ ಕಾಣತೊಡಗಿತು. ಪೆಟ್ಟಿಗೆಯ ಒಳಭಾಗ ನೋಡಿದೆ. ಒರಟು ಮರ. ಉಜ್ಜಿಯೂ ಇಲ್ಲ, ಬೆರಳಿಗೆ ಸಿಬಿರು ಚುಚ್ಚಿತು. ಪುಸ್ತಕದಲ್ಲಿ ಒಳಗೆ ಬಣ್ಣ ಹಚ್ಚುವ ಮಾತೇ ಇಲ್ಲ. ಎಂಟು ಡಬ್ಬಿ ಬಣ್ಣವೂ ಹೊರಗಿಗೆ. ನಾನೂ ಹಾಗೇ ಅಲ್ವಾ, ಇಪ್ಪತ್ತೆರಡು ವರ್ಷ ಬರೆದದ್ದೆಲ್ಲ ರಸ್ತೆ ಕಡೆ ಮುಖ ಮಾಡಿದ್ದೇ. ಬೋರ್ಡಿನ ಹಿಂಭಾಗಕ್ಕೆ ಬಣ್ಣ ಹಚ್ಚಿದರೆ ಯಾರು ದುಡ್ಡು ಕೊಡುತ್ತಾರೆ?

ಈಜಿಪ್ಟಿನವರು ಒಳಗೇ ಹೆಚ್ಚು ಕೈ ಇಟ್ಟಿದ್ದಾರೆ. ಅಮೆರಿಕದ ಬಾಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿ ಜೆಹುತಿನಖ್ತ್ ಎಂಬ ಅಧಿಕಾರಿಯ ಪೆಟ್ಟಿಗೆ ಇದೆ. 1915ರಲ್ಲಿ ದೇರ್ ಎಲ್-ಬರ್ಶಾ ಎಂಬಲ್ಲಿ ಸಿಕ್ಕಿದ್ದು. ದೇವದಾರು ಮರ. ಹೊರಗಿನಿಂದ ನೋಡಿದರೆ ಏನಿಲ್ಲ, ಸಾದಾ. ಒಂದು ಸಾಲು ಅಕ್ಷರ, ಒಂದು ಜೊತೆ ಕಣ್ಣು. ಒಳಗಿನ ಫೋಟೋ ತೆಗೆದು ನೋಡಿ. ಬಾಗಿಲಿನ ಚಿತ್ರ, ಅದರ ಮುಂದೆ ಕೂತ ಜೆಹುತಿನಖ್ತ್, ಧೂಪ ಹಿಡಿದವನು, ರಾಶಿ ರಾಶಿ ಊಟದ ಸಾಮಾನು, ಬಾತುಕೋಳಿ, ಪಾರಿವಾಳದಂಥ ಹಕ್ಕಿ. ಹಕ್ಕಿಯ ರೆಕ್ಕೆಯಲ್ಲಿ ಒಂದು ಪುಕ್ಕದಿಂದ ಇನ್ನೊಂದಕ್ಕೆ ಬಣ್ಣ ಹೇಗೆ ಇಳಿಸಿದ್ದಾನೆ ಅಂದರೆ, ನಾನು ಫೋಟೋ ದೊಡ್ಡದು ಮಾಡಿ ಅರ್ಧ ಗಂಟೆ ಅದನ್ನೇ ನೋಡಿದೆ, ಅಂಗಡಿಯ ಶಟರ್ ಅರ್ಧ ಎಳೆದಿತ್ತು, ಗಿರಾಕಿ ಬಂದು ಕರೆದದ್ದೂ ಕೇಳಲಿಲ್ಲ. ಮುಚ್ಚಳ ಹಾಕಿ ಹೂತ ಮೇಲೆ ಆ ರೆಕ್ಕೆಯನ್ನು ನೋಡುವುದು ಒಬ್ಬನೇ. ಅವನಿಗೋಸ್ಕರ ಬರೆದದ್ದು.

ಇನ್ನೊಂದು ಇದಕ್ಕಿಂತ ಚಂದ. ಅದೇ ಬರ್ಶಾದ ಕೆಲವು ಪೆಟ್ಟಿಗೆಗಳ ತಳದ ಹಲಗೆ ಮೇಲೆ ನಕ್ಷೆ ಇದೆ. ನೀಲಿಯಲ್ಲಿ ನೀರಿನ ದಾರಿ, ಕಪ್ಪಿನಲ್ಲಿ ನೆಲದ ದಾರಿ, ನಡುವೆ ಬೆಂಕಿಯ ಕೆರೆ. ಸತ್ತವನು ದಾರಿ ತಪ್ಪಬಾರದು ಅಂತ ಅವನ ಬೆನ್ನ ಕೆಳಗೇ ದಾರಿ ಬರೆದುಕೊಟ್ಟಿದ್ದಾರೆ. ಆ ಕಾಲದ ಕೆಲವು ಪೆಟ್ಟಿಗೆಗಳಲ್ಲಿ ಅಕ್ಷರಗಳಿಗೂ ಹುಷಾರು. ಅವರ ಲಿಪಿಯಲ್ಲಿ ಹಾವು, ಹಕ್ಕಿ ಎಲ್ಲ ಅಕ್ಷರಗಳು ತಾನೆ. ಹಾವಿನ ಅಕ್ಷರವನ್ನು ಎರಡು ತುಂಡು ಮಾಡಿ ಬರೆದಿದ್ದಾರೆ, ಹಕ್ಕಿಗೆ ಕಾಲು ಬಿಟ್ಟಿದ್ದಾರೆ. ಒಳಗೆ ಮಲಗಿದವನಿಗೆ ಅಕ್ಷರ ಎದ್ದು ಕಚ್ಚಬಾರದು ಅಂತ. ಕಿಟ್‌ನ ಸ್ಟಿಕ್ಕರಿನಲ್ಲಿ ಆರು ಹಾವು ಇವೆ, ಆರೂ ಹೆಡೆ ಎತ್ತಿವೆ.

ನಾವು ಮುಚ್ಚಳದ ಒಳಗೆ ನೂತ್ ದೇವಿಯನ್ನು ಬರೆಯಲು ಕೂತೆವು. ಆಕಾಶದ ದೇವಿ ಅವಳು. ಎಷ್ಟೋ ಪೆಟ್ಟಿಗೆಗಳಲ್ಲಿ ಮುಚ್ಚಳದ ಒಳಗೆ ಉದ್ದಕ್ಕೆ ನಿಂತಿರುತ್ತಾಳೆ. ಮುಚ್ಚಳ ಹಾಕಿದರೆ ಹೆಣದ ಮೇಲೆ ತಾಯಿ ಬಾಗಿದ ಹಾಗೆ. ಮೊದಲು ಗೆರೆ. ನೂಲಿಗೆ ಹುರುಮಂಜು ಹಚ್ಚಿ, ಒಂದು ತುದಿ ನಾನು, ಒಂದು ತುದಿ ಮಗಳು ಬಿಗಿ ಹಿಡಿದು, ನಡುವೆ ಎತ್ತಿ ಟಪ್ ಅಂತ ಬಿಟ್ಟೆವು. ಬೋರ್ಡಿನ ಅಕ್ಷರಕ್ಕೆ ಗೆರೆ ಹೊಡೆಯುವುದು ಹೀಗೇ. ಈಜಿಪ್ಟಿನವರೂ ಗೋರಿ ಗೋಡೆಗೆ ಕೆಂಪು ನೂಲಿನಲ್ಲೇ ಹೊಡೆಯುತ್ತಿದ್ದರು. ಚೌಕ ಚೌಕ ಹಾಕಿ, ಅಂಗಾಲಿನಿಂದ ಹಣೆಯ ಕೂದಲಿನವರೆಗೆ 18 ಚೌಕಕ್ಕೆ ಮನುಷ್ಯನನ್ನು ನಿಲ್ಲಿಸುತ್ತಿದ್ದರು. ನಾವೂ 18 ಎಣಿಸಿದೆವು. ಮೊದಲ ಸಲ ಕೈ ಉದ್ದವಾಯಿತು. ಅವರು ಕೆಂಪಿನಲ್ಲಿ ಬರೆದು, ತಪ್ಪಿದ್ದನ್ನು ಕಪ್ಪಿನಲ್ಲಿ ತಿದ್ದುತ್ತಿದ್ದರು. ನಾವೂ ಹಾಗೇ ತಿದ್ದಿದೆವು. ಸುತ್ತ ನಕ್ಷತ್ರ ಹಾಕುವ ಕೆಲಸ ಪೂರ್ತಿ ಅವಳದು. ಐದು ಗೆರೆಯ ನಕ್ಷತ್ರ, ಎಪ್ಪತ್ತೊಂದು. ನಾನು ಎಣಿಸಿಲ್ಲ, ಅವಳೇ ಹೇಳಿದ್ದು.

ಬರೆಯುವಾಗ ನನಗೆ ಅಷ್ಟೂರು ನೆನಪಾಯಿತು. ಬೀದರ್ ಹತ್ತಿರ, ಬಹಮನಿ ಸುಲ್ತಾನರ ಗೋರಿಗಳಿರುವ ಊರು. ಕೆಲಸ ಕಲಿಯುವಾಗ ಉಸ್ತಾದರು ಒಮ್ಮೆ ಕರೆದುಕೊಂಡು ಹೋಗಿದ್ದರು. 1436ರಲ್ಲಿ ತೀರಿಕೊಂಡ ಅಹ್ಮದ್ ಶಾ ವಲಿಯ ಗುಮ್ಮಟ. ಹೊರಗೆ ಬಿಸಿಲು, ಒಳಗೆ ಏನೂ ಕಾಣದಷ್ಟು ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಮೇಲಿನಿಂದ ಕೆಂಪು, ಬಂಗಾರ, ನೀಲಿ ಒಂದೊಂದಾಗಿ ಇಳಿದು ಬಂದ ಹಾಗಾಯಿತು. ಗುಮ್ಮಟದ ಒಳಗೆಲ್ಲ ಬಣ್ಣದ ಬಳ್ಳಿ, ಅಕ್ಷರ. ಅಷ್ಟು ಎತ್ತರದಲ್ಲಿ, ಅಷ್ಟು ಕತ್ತಲಲ್ಲಿ, ಇಷ್ಟು ಸಣ್ಣ ಕೆಲಸ ಯಾಕೆ ಮಾಡಿದರು ಅಂತ ಕೇಳಿದ್ದೆ. ಉಸ್ತಾದರು ಬಾಯಿಯಲ್ಲಿ ಪಾನ್ ಇಟ್ಟುಕೊಂಡು, ಕೆಳಗೆ ಗೋರಿಯ ಕಡೆ ಕೈ ತೋರಿಸಿದ್ದರು, ಅಷ್ಟೇ. ಅವತ್ತು ಪಾನ್ ಇದ್ದದ್ದಕ್ಕೆ ಮಾತಾಡಲಿಲ್ಲ ಅಂದುಕೊಂಡಿದ್ದೆ.

ಮುಚ್ಚಳದ ಹೊರಗೆ ಕೈ ಬರೆಯುವ ಜಾಗದಲ್ಲಿ ಇನ್ನೊಂದು ತಮಾಷೆ. ಕಿಟ್‌ನಲ್ಲಿ ಕೈ ಇಲ್ಲ, ಹಲಗೆ ಸಪಾಟು. ಆ ಹಳದಿ ಪೆಟ್ಟಿಗೆಗಳಲ್ಲಿ ಎದೆ ಮೇಲೆ ಮರದ ಕೈ ಕೂಡಿಸಿರುತ್ತಾರೆ. ಗಂಡಸಿನದಾದರೆ ಮುಷ್ಟಿ, ಹೆಂಗಸಿನದಾದರೆ ಬಿಚ್ಚಿದ ಅಂಗೈ, ಕಿವಿಗೆ ಓಲೆ. ಮಗಳು ನಮ್ಮದು ಹೆಂಗಸಿನದು ಅಂತ ತೀರ್ಮಾನ ಮಾಡಿದಳು. ಐಸ್‌ಕ್ರೀಂ ಕಡ್ಡಿ ಕೆತ್ತಿ ಎರಡು ಅಂಗೈ ಅಂಟಿಸಿದೆವು.

ಹೆಸರಿಗೆ ಒಂದು ಪಟ್ಟಿ ಖಾಲಿ ಬಿಟ್ಟೆವು. ಇದು ನಾನು ಹೇಳಿಕೊಟ್ಟದ್ದು, ಯಾಕೆಂದರೆ ಇದು ನನ್ನ ದಿನದ ಕೆಲಸ. ನಮ್ಮ ಕಂಪ್ಯೂಟರಿನಲ್ಲಿ ಭಾವಪೂರ್ಣ ಶ್ರದ್ಧಾಂಜಲಿಯ ಫೈಲು ಹತ್ತು ನಮೂನೆಯವು ರೆಡಿ ಇವೆ. ದೀಪ ಇದೆ, ಹೂ ಇದೆ, ಮೋಡ ಇದೆ. ಫೋಟೋ ಮತ್ತು ಹೆಸರಿನ ಜಾಗ ಖಾಲಿ. ಮನೆಯವರು ಬಂದು ಹೆಸರು ಹೇಳಿದರೆ ಅರ್ಧ ಗಂಟೆಯಲ್ಲಿ ಕೈಗೆ. ಈಜಿಪ್ಟಿನಲ್ಲೂ ರೆಡಿ ಪೆಟ್ಟಿಗೆ ಮಾರುತ್ತಿದ್ದರು, ಮಂತ್ರ ಎಲ್ಲ ಬರೆದು ಹೆಸರಿನ ಜಾಗ ಮಾತ್ರ ಬಿಟ್ಟು. ಕೆಲವಕ್ಕೆ ಹೆಸರು ತುಂಬಲೇ ಇಲ್ಲ, ಖಾಲಿಯೇ ಉಳಿದಿದೆ. ಕಷ್ಟದ ಕಾಲದಲ್ಲಿ ಹಳೆ ಪೆಟ್ಟಿಗೆಯ ಹೆಸರು ಅಳಿಸಿ, ಮತ್ತೆ ಬಣ್ಣ ಬಳಿದು ಇನ್ನೊಬ್ಬರಿಗೆ ಕೊಟ್ಟದ್ದೂ ಉಂಟು. ದೇರ್ ಎಲ್-ಮದೀನಾ ಅಂತ ಕೆಲಸಗಾರರ ಊರಿತ್ತು. ಅವರು ಲೆಕ್ಕ ಬರೆದಿಟ್ಟ ಸುಣ್ಣದ ಕಲ್ಲಿನ ಚಕ್ಕೆಗಳು ಸಿಕ್ಕಿವೆ. ಸಾಧಾರಣ ಪೆಟ್ಟಿಗೆಗೆ 20ರಿಂದ 40 ದೇಬೆನ್. ಒಂದು ದೇಬೆನ್ ಅಂದರೆ ಸುಮಾರು 91 ಗ್ರಾಂ ತಾಮ್ರದ ಬೆಲೆ. ಬಡಿಗನ ಕೂಲಿ ಬೇರೆ, ಬಣ್ಣದವನ ಕೂಲಿ ಬೇರೆ. ಇದನ್ನು ಓದಿ ನನಗೆ ಬಹಳ ಸಮಾಧಾನವಾಯಿತು. ಇಲ್ಲಿ ಬಣ್ಣದವನ ದುಡ್ಡು ಬಡಿಗನ ಬಿಲ್ಲಿನೊಳಗೇ ಮುಳುಗಿಹೋಗುತ್ತದೆ.

ನಾನೂ ಒಮ್ಮೆ ನಿಜವಾದ ಶವಪೆಟ್ಟಿಗೆ ಮೇಲೆ ಹೆಸರು ಬರೆದಿದ್ದೇನೆ. ಚರ್ಚಿನ ಕಡೆಯವರು ರಾತ್ರಿ ಹನ್ನೊಂದಕ್ಕೆ ಬಂದು ಎಬ್ಬಿಸಿದರು. ಬೆಳಿಗ್ಗೆ ಮಣ್ಣು. ಕಪ್ಪು ಹಲಗೆ, ಬಿಳಿ ಎನಾಮೆಲ್. ಹೆಸರು, ಹುಟ್ಟಿದ ತಾರೀಕು, ತೀರಿಕೊಂಡ ತಾರೀಕು. ಕೈ ನಡುಗಿತು, ಅದೂ ಅಕ್ಷರದಲ್ಲಿ ಗೊತ್ತಾಯಿತು. ಬಣ್ಣ ಒಣಗುವ ಮೊದಲೇ ಎತ್ತಿದರು. ಕೊನೆಯ ಅಂಕಿ ಯಾರದೋ ಅಂಗೈಗೆ ಅಂಟಿಕೊಂಡು ಹೋಯಿತು. ದುಡ್ಡು ತೆಗೆದುಕೊಳ್ಳಲಿಲ್ಲ.

ಜಾಡಿಗಳಿಗೆ ಬರುತ್ತೇನೆ. ನಾಲ್ಕೂ ಜಾಡಿಗೆ ನರಿಯ ತಲೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ದುಡ್ಡು ಉಳಿಸಿದ್ದಾರೆ. ಹೆಣದಿಂದ ತೆಗೆದ ಅಂಗಗಳನ್ನು ಇಡುವ ಜಾಡಿಗಳು ಇವು, ಮುಚ್ಚಳದ ತಲೆಗಳು ಹೋರಸ್ ದೇವರ ನಾಲ್ಕು ಮಕ್ಕಳವು. ಇಮ್ಸೆತಿ ಮನುಷ್ಯನ ತಲೆ, ಪಿತ್ತಜನಕಾಂಗ ಕಾಯುತ್ತಾನೆ. ಹಾಪಿ ಮಂಗ, ಶ್ವಾಸಕೋಶ. ದುವಾಮುತೆಫ್ ನರಿ, ಹೊಟ್ಟೆ. ಕೆಬೆಹ್‌ಸೆನುಎಫ್ ಗಿಡುಗ, ಕರುಳು. ಇನ್ನೂ ಹಳೆಯ ಕಾಲದಲ್ಲಿ ನಾಲ್ಕಕ್ಕೂ ಮನುಷ್ಯನ ತಲೆ ಇದ್ದದ್ದುಂಟು. ನಾಲ್ಕಕ್ಕೂ ನರಿ ಅಂದರೆ ಮೂವರು ರಜೆ ಹಾಕಿದ ಹಾಗೆ. ಎಂ-ಸೀಲ್‌ನಲ್ಲಿ ಮೂರು ತಲೆ ಹೊಸದು ಮಾಡಿದೆವು. ಗಿಡುಗ ಹೋಗಿ ಗಿಣಿಯಾಗಿದೆ, ಇರಲಿ.

ಪುಸ್ತಕದ ತಪ್ಪು ಬರೆಯುತ್ತಾ ಹೋದರೆ ಮುಗಿಯುವುದಿಲ್ಲ, ಎರಡು ಸಾಕು. ಒಂದು, ಹೃದಯವನ್ನೂ ತೆಗೆದು ಜಾಡಿಗೆ ಹಾಕುತ್ತಿದ್ದರು ಅಂತ ಬರೆದಿದ್ದಾರೆ. ಇಲ್ಲ. ಹೃದಯವನ್ನು ಹೆಣದೊಳಗೇ ಬಿಡುತ್ತಿದ್ದರು. ಸತ್ತ ಮೇಲೆ ತಕ್ಕಡಿಯಲ್ಲಿ ಒಂದು ಕಡೆ ಹೃದಯ, ಇನ್ನೊಂದು ಕಡೆ ಸತ್ಯದ ದೇವಿ ಮಾತ್‌ಳ ಗರಿ ಇಟ್ಟು ತೂಗುವುದು ಅಷ್ಟು ದೊಡ್ಡ ನಂಬಿಕೆ. ಪೆಟ್ಟಿಗೆಗಳ ಮೇಲೂ ಆ ಚಿತ್ರ ಬರುತ್ತದೆ, ಪಕ್ಕದಲ್ಲಿ ಮೊಸಳೆ ತಲೆಯ ಅಮ್ಮಿತ್ ನುಂಗಲು ಕಾದು ಕೂತಿರುತ್ತಾಳೆ. ಹೃದಯ ಜಾಡಿಯಲ್ಲಿದ್ದರೆ ತೂಗುವುದು ಏನನ್ನು? ಎರಡು, ಎಲ್ಲ ಪೆಟ್ಟಿಗೆಯೂ ಬಂಗಾರ ಅಂತ. 1922ರಲ್ಲಿ ಸಿಕ್ಕ ತುತಾಂಖಾಮುನ್ ಗೋರಿಯಲ್ಲಿ ಒಂದರೊಳಗೆ ಒಂದು ಮೂರು ಪೆಟ್ಟಿಗೆ, ಎಲ್ಲಕ್ಕಿಂತ ಒಳಗಿನದು 110 ಕಿಲೋ ಬಂಗಾರದ್ದು, ನಿಜ. ಅವನು ರಾಜ. ಉಳಿದವರಿಗೆ ಹಳದಿ ಮಣ್ಣೇ ಬಂಗಾರ.

ಎಕ್ಸಿಬಿಷನ್ ದಿನ ನಾನೂ ಹೋಗಿದ್ದೆ. ನೋಡಲು ಬಂದವರು ಇಬ್ಬರು. ಹೊರಗಿನ ಚಿತ್ರ ನೋಡಿದರು, ಚಲೋ ಇದೆ ಅಂದರು, ಅಂಟುತ್ತಿದ್ದ ವಾರ್ನಿಷ್ ಬೆರಳಿಗೆ ಹತ್ತಿದ್ದಕ್ಕೆ ಕರ್ಚೀಫು ತೆಗೆದರು. ಮುಚ್ಚಳ ಎತ್ತಲಿಲ್ಲ. ನಾನು ಹಿಂದಿನಿಂದ "ಎತ್ತಿ ತೋರ್ಸು" ಅಂತ ಮಗಳಿಗೆ ಸನ್ನೆ ಮಾಡಿದೆ. ಅವಳು ತಲೆ ಅಡ್ಡ ಆಡಿಸಿದಳು. ಮೊದಲ ಬಹುಮಾನ ಹೊಗೆ ಬಿಡುವ ಜ್ವಾಲಾಮುಖಿಗೆ ಹೋಯಿತು. ದಾರಿಯಲ್ಲಿ ಯಾಕೆ ತೋರಿಸಲಿಲ್ಲ ಅಂತ ಕೇಳಿದರೆ, "ಅದು ಅವ್ರಿಗೆ ಬರದಿದ್ದಲ್ಲಲ್ಲಪ್ಪಾ" ಅಂದಳು. ನಾನು ಗಾಡಿ ಓಡಿಸುತ್ತಿದ್ದೆ, ಸುಮ್ಮನಾದೆ.

ತಗೊಳ್ಳಬೇಕೋ ಬೇಡವೋ ಅಂತ ಕೇಳಿದರೆ: ಮನೆ ಹತ್ತಿರ ಬಡಿಗೇರು ಇದ್ದರೆ ಬೇಡ. ಇದೇ ಆಕಾರದ ಪೆಟ್ಟಿಗೆಯನ್ನು ನಮ್ಮ ಅಣ್ಣ 600 ರೂಪಾಯಿಗೆ ಮಾಡಿಕೊಡುತ್ತೇನೆ ಅಂದಿದ್ದಾನೆ. ಇಲ್ಲದಿದ್ದರೆ ತರಿಸಿ, ಮರ ಮತ್ತು ಬ್ಯಾಂಡೇಜ್ ಇಟ್ಟುಕೊಂಡು ಉಳಿದದ್ದು ಪಕ್ಕಕ್ಕಿಡಿ. ಚಾಕ್ ಪೌಡರ್, ಸರೇಸು, ಹುರುಮಂಜು, ಹಳದಿ ಮಣ್ಣು ಸೇರಿ ನನಗೆ 140 ರೂಪಾಯಿ ಆಯಿತು. ಒಳಗಿನಿಂದ ಬಣ್ಣ ಶುರು ಮಾಡಿ. ಹೊರಗಿನದು ಮೊದಲು ಮಾಡಿದರೆ ಒಳಗೆ ಬರೆಯುವಾಗ ಕೈಗೆ ಹತ್ತಿ ಹಾಳಾಗುತ್ತದೆ, ನಮಗೆ ಹಾಗೇ ಆಯಿತು.

ಮುರಿದ ಮಮ್ಮಿ ಬಗ್ಗೆ ಕಸ್ಟಮರ್ ಕೇರ್‌ಗೆ ಎರಡು ಸಲ ಬರೆದೆ. ಮೊದಲ ಉತ್ತರದಲ್ಲಿ ಫೋಟೋ ಕಳಿಸಿ ಅಂದರು. ಬಿಚ್ಚಿ ಫೋಟೋ ತೆಗೆಯೋಣ ಅಂದರೆ ಮಗಳು ಬಿಡಲಿಲ್ಲ, ಸುತ್ತಿ ಮಲಗಿಸಿ ಆಗಿದೆ, ಇನ್ನು ತೆಗೆಯಬಾರದು ಅಂತ. ಬ್ಯಾಂಡೇಜ್ ಸುತ್ತಿದ್ದ ಫೋಟೋವನ್ನೇ ಕಳಿಸಿದೆ. ಇದರಲ್ಲಿ ಡ್ಯಾಮೇಜ್ ಕಾಣುತ್ತಿಲ್ಲ ಸರ್ ಅಂತ ಉತ್ತರ ಬಂತು. ಮೂರನೇ ಸಲ ಬರೆಯಬೇಕು. ಏನಾಯಿತು ಅಂತ ಇಲ್ಲೇ ಕೆಳಗೆ ಹಾಕುತ್ತೇನೆ.